ಅತಿಥಿಯಾಗಿ ಹೋದ ಅಮ್ಮ ತಂದ ಲೆಕ್ಕ: ಹೋಂಸ್ಟೇಗೆ ಹೋಗೋ ಮುಂಚೆ, ಹೋಂಸ್ಟೇ ಮಾಡೋ ಮುಂಚೆ

ನವೆಂಬರ್ ಬಂತು ಅಂದ್ರೆ ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಸಾಲು ಉದ್ದ ಆಗುತ್ತೆ. ಕಾರಣ ನಿಮಗೂ ಗೊತ್ತಿರೋದೇ, ಜಿಕೆವಿಕೆ ಕೃಷಿ ಮೇಳ. ನಾವಿರೋದು ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ. ಊರು ಕುಣಿಗಲ್ ಕಡೆ. ಊರಿಂದ ಬರೋ ಅಣ್ಣ ತಮ್ಮಂದಿರು, ಅವರ ಸ್ನೇಹಿತರು, ಆ ಸ್ನೇಹಿತರ ಸ್ನೇಹಿತರು, ಎಲ್ಲರಿಗೂ ಮೇಳದ ನಾಲ್ಕು ದಿನ ನಮ್ಮ ಮನೆಯೇ ಬಿಡಾರ. ಬೆಳಿಗ್ಗೆ ರಿಂಗ್ ರೋಡಿಗೆ ನಡೆದು ಹೋಗಿ ಹೆಬ್ಬಾಳದ ಬಸ್ ಹತ್ತಿದರೆ ಅಲ್ಲಿಂದ ಜಿಕೆವಿಕೆಗೆ ಇನ್ನೊಂದೇ ಬಸ್ಸು. ಲಾಡ್ಜಿಗೆ ದುಡ್ಡು ಕೊಟ್ಟು ತಿಗಣೆ ಕೈಲಿ ಕಚ್ಚಿಸಿಕೊಳ್ಳೋದಕ್ಕಿಂತ ಇದೇ ವಾಸಿ ಅನ್ನೋದು ಎಲ್ಲರ ಮಾತು.

ಅಮ್ಮನೂ ಹಾಗೇ ಅನ್ನುತ್ತಿದ್ದಳು. "ಬಡಾವಣೆ ಹೆಸರೇ ಅನ್ನಪೂರ್ಣೇಶ್ವರಿ. ಬಂದೋರಿಗೆ ಊಟ ಇಲ್ಲ ಅನ್ನೋಕಾಗುತ್ತಾ?"

ಕಳೆದ ವರ್ಷ, ಅಂದ್ರೆ 2024ರಲ್ಲಿ, ಮೇಳ ನವೆಂಬರ್ 14ರಿಂದ 17ರವರೆಗೆ ಇತ್ತು. ಐದು ಜನ ಬಂದಿದ್ದರು. ಅದರಲ್ಲಿ ಇಬ್ಬರು ಯಾರು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮೂರನೇ ದಿನ ರಾತ್ರಿ ಎಲ್ಲರೂ ಉಂಡು, ಹಾಲ್‌ನಲ್ಲಿ ಡ್ರಿಪ್ ಪೈಪಿನ ರೇಟು, ಹೊಸ ರಾಗಿ ತಳಿ ಅಂತ ಜೋರಾಗಿ ಮಾತಾಡ್ತಾ ಇದ್ವಿ. ನೀರು ಕುಡಿಯಕ್ಕೆ ಅಡುಗೆಮನೆಗೆ ಹೋದೆ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ತಳ ಹಿಡಿದ ಸಾರಲ್ಲಿ ಅರ್ಧ ಮುದ್ದೆ ಉಣ್ತಾ ಇದ್ದಳು. ಗಂಟೆ ಹನ್ನೊಂದು. "ಮುಂದಿನ ವರ್ಷ ಬೇಡ ಕಣಪ್ಪ, ಮಂಡಿ ಏಳಲ್ಲ ಅನ್ನುತ್ತೆ" ಅಂದಳು.

ನಿಜ ಹೇಳಬೇಕು ಅಂದ್ರೆ ಆಗ ನನಗೆ ಅಯ್ಯೋ ಅನ್ನಿಸಲಿಲ್ಲ. ಸಿಟ್ಟು ಬಂತು. ಊರಲ್ಲಿ ಮುಖ ತೋರಿಸೋದು ಹೇಗೆ ಅನ್ನೋದೇ ಮೊದಲು ತಲೆಗೆ ಬಂದಿದ್ದು.

ಎರಡು ದಿನ ಆದ ಮೇಲೆ ಸುಮ್ಮನೆ ಒಂದು ಹಾಳೆ ತಗೊಂಡು ಬರೆದೆ. ನಾಲ್ಕೂವರೆಗೆ ಎದ್ದು ಒಲೆ ಮೇಲೆ ನೀರು ಕಾಯಿಸೋದು (ನಮ್ಮ ಗೀಸರ್ ಇಬ್ಬರಿಗೆ ಸಾಕಾಗೋ ಅಷ್ಟು), ತಿಂಡಿ, ಎರಡು ಸಲ ಕಾಫಿ, ರಾತ್ರಿ ಮುದ್ದೆ ಸಾರು ಅನ್ನ, ಹಾಸಿಗೆ ಹಾಸೋದು, ಮಡಿಚೋದು, ಬಾತ್‌ರೂಮ್ ತೊಳೆಯೋದು. ದಿನಕ್ಕೆ ಏಳು ಗಂಟೆ ಹೆಚ್ಚಿನ ಕೆಲಸ. ನಾಲ್ಕು ದಿನಕ್ಕೆ 28 ಗಂಟೆ. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 349 ರೂಪಾಯಿ. ಅದನ್ನೇ ಹಿಡಿದರೂ ಅಮ್ಮನಿಗೆ 1,396 ರೂಪಾಯಿ ಬರಬೇಕಿತ್ತು. ದಿನಸಿ, ಗ್ಯಾಸು ಬೇರೆ. ಅವಳ ಕೈಗೆ ಬಂದಿದ್ದು ಒಂದು ಚೀಲ ಅವರೆಕಾಯಿ. ಅದನ್ನು ಬಿಡಿಸಿದ್ದೂ ಅವಳೇ.

ನಾಚಿಕೆ ಆಗಿದ್ದು ಯಾಕೆ ಅಂದ್ರೆ, "ಮನೆಯವರ ದುಡಿಮೆಯನ್ನೂ ಖರ್ಚಿಗೆ ಸೇರಿಸಿ" ಅಂತ ಇದೇ ಪುಟದಲ್ಲಿ ನಾನೇ ಎಷ್ಟೋ ಸಲ ಬರೆದಿದ್ದೇನೆ. ಬೆಂಬಲ ಬೆಲೆ ಲೆಕ್ಕದಲ್ಲಿ ಎ2+ಎಫ್‌ಎಲ್ ಅಂತ ಬರುತ್ತಲ್ಲ, ಅದರಲ್ಲಿ ಎಫ್‌ಎಲ್ ಅಂದ್ರೆ ಮನೆಯವರ ದುಡಿಮೆನೇ. ಟೊಮೆಟೊಗೆ, ರಾಗಿಗೆ ಹಾಕೋ ಲೆಕ್ಕವನ್ನ ನಮ್ಮ ಅಡುಗೆಮನೆಗೆ ಹಾಕಿ ನೋಡಿರಲಿಲ್ಲ, ಅಷ್ಟೇ.

ಲಾಡ್ಜಲ್ಲಿ ಸಿಗದೇ ಇರೋದು

ಹಾಗಂತ ಬೇರೆಯವರ ಮನೇಲಿ ಉಳಿಯೋದೇ ತಪ್ಪು ಅಂತ ನಾನು ಹೇಳಲ್ಲ. ನಾನು ಕಲಿತಿರೋ ಕೃಷಿಯಲ್ಲಿ ಅರ್ಧ ಹಾಗೇ ಉಳಿದು ಕಲಿತದ್ದು. ತೋಟ ನೋಡೋಕೆ ಬಂದವನಿಗೆ ರೈತ ಒಂದು ಗಂಟೆ ತೋರಿಸ್ತಾನೆ, ಚೆನ್ನಾಗಿ ಬಂದಿರೋ ಸಾಲನ್ನೇ ತೋರಿಸ್ತಾನೆ. ರಾತ್ರಿ ಉಂಡು ಜಗಲಿ ಮೇಲೆ ಕೂತಾಗ ಮಾತ್ರ ಸೊರಗು ರೋಗ ಬಂದು ಒಣಗಿದ ಮೆಣಸಿನ ಬಳ್ಳಿ ಕಥೆ, ಸೊಸೈಟಿ ಸಾಲದ ಕಥೆ ಬಾಯಿಗೆ ಬರೋದು.

ಆನೆಗೊಂದಿಗೆ ಹೋದಾಗಲೂ ಹೀಗೇ. ಹಂಪಿಯಿಂದ ತುಂಗಭದ್ರೆ ದಾಟಿದ್ರೆ ಸಿಗೋ ಊರು, ಗಂಗಾವತಿ ತಾಲ್ಲೂಕು. ನಾನು ಹೋಗಿದ್ದು ದೇವಸ್ಥಾನ ನೋಡೋಕೆ, ನೋಡಿ ಬಂದಿದ್ದು ಬಾಳೆ ದಿಂಡು. ಅಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಂಗಸರಿಗೆ ಬಾಳೆ ನಾರಿನ ಕೆಲಸ ಕಲಿಸಿತು. ಹಳೇ ಮನೆಗಳನ್ನ ಕೆಡವದೆ, ಬಂದವರು ಉಳಿಯೋ ಹಾಗೆ ಮಾಡಿತು. ಗೊನೆ ಕಡಿದ ಮೇಲೆ ನಾವು ತಿಪ್ಪೆಗೆ ಎಳೆದು ಹಾಕೋ ದಿಂಡಿನಿಂದ ಅಲ್ಲಿ ಚೀಲ, ಬುಟ್ಟಿ, ಚಾಪೆ ಆಗುತ್ತೆ. ನದಿ ಆಚೆಯ ಹೋಟೆಲ್ಲಲ್ಲಿ ರೂಮು ಮಾಡಿದ್ದರೆ ನಾನು ನಾಲ್ಕು ಫೋಟೊ ತೆಗೆದು ವಾಪಸ್ ಬಂದಿರ್ತಿದ್ದೆ.

ಆದ್ರೆ ಇಷ್ಟು ಮನೆಗಳಲ್ಲಿ ಉಂಡು ಬಂದ ನಾನು ಒಂದೇ ಒಂದು ಮನೆಯಲ್ಲೂ ಅಡುಗೆ ಮಾಡಿದವರು ಊಟ ಮಾಡಿದ್ದು ಎಷ್ಟು ಗಂಟೆಗೆ ಅಂತ ಗಮನಿಸಿರಲಿಲ್ಲ. ಅದಕ್ಕೇ ಅನ್ನಿಸ್ತು, ಅಮ್ಮನನ್ನೇ ಒಂದು ಸಲ ಕರ್ಕೊಂಡು ಹೋಗೋಣ ಅಂತ. ಅವಳಿಗೆ 63 ವರ್ಷ. ನೆಂಟರ ಮನೆ, ಆಸ್ಪತ್ರೆ, ಧರ್ಮಸ್ಥಳದ ಛತ್ರ ಬಿಟ್ರೆ ಬೇರೆಲ್ಲೂ ರಾತ್ರಿ ಕಳೆದವಳಲ್ಲ.

ಸಾಗರಕ್ಕೆ ಇಬ್ಬರು, ಒಂದು ಟಿಕೆಟ್

ಈ ವರ್ಷ ಜನವರಿಯಲ್ಲಿ ಹೋದ್ವಿ. ಅಡಿಕೆ ಕೊನೆ ಕೊಯ್ಲು ನಡೀತಾ ಇರೋ ಕಾಲ. ರಾತ್ರಿ ತಾಳಗುಪ್ಪ ರೈಲಿಗೆ ಹೋಗೋಣ ಅಂದೆ. "ಫ್ರೀ ಬಸ್ಸಿರುವಾಗ ರೈಲಿಗೆ ಯಾಕೆ ದುಡ್ಡು" ಅಂದಳು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿಂದ ಅಮ್ಮನಿಗೆ ಕೆಂಪು ಬಸ್ಸು ಅಂದ್ರೆ ಸ್ವಂತ ಗಾಡಿ ಇದ್ದ ಹಾಗೆ. ಅನ್ನಪೂರ್ಣೇಶ್ವರಿ ನಗರದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಸಾಗರ, ಅವಳ ಖರ್ಚು ಸೊನ್ನೆ. ಮಂಡಿ ನೋವು ಅಂತ ದಾರಿಯಲ್ಲಿ ಒಂದು ಸಲಾನೂ ಹೇಳಲಿಲ್ಲ. ನೀವು ಅಮ್ಮನನ್ನೋ ಅಕ್ಕನನ್ನೋ ಕರ್ಕೊಂಡು ಹೊರಡೋದಾದ್ರೆ ಖರ್ಚಿನ ಲೆಕ್ಕ ಇಲ್ಲಿಂದಲೇ ಶುರು ಮಾಡಿ. ರಾಜ್ಯದ ಒಳಗೆ ಸಾಮಾನ್ಯ, ವೇಗದೂತ ಬಸ್ಸುಗಳಿಗೆ ಮಾತ್ರ ಇದು. ರಾಜಹಂಸ, ಸ್ಲೀಪರ್‌ಗೆ ಇಲ್ಲ. ಆಧಾರ್ ಮರೀಬೇಡಿ.

ಮನೆ ಗೊತ್ತು ಮಾಡೋಕೆ ನಾಲ್ಕು ಕಡೆ ಫೋನ್ ಮಾಡಿದ್ದೆ. ಮಲೆನಾಡಿನ ಒಂದು ಕಡೆ, ರೇಟು ಹೇಳೋಕೆ ಮುಂಚೆ "ನೀವು ಯಾವ ಜನ?" ಅಂತ ಕೇಳಿದ್ರು. ಫೋನ್ ಇಟ್ಟೆ. ಹಿಂದೆ ಪಟ್ಟಣಕ್ಕೆ ಓದೋಕೆ ಬಂದ ಬಡ ಹುಡುಗರು ವಾರಾನ್ನ ಅಂತ ದಿನಕ್ಕೊಂದು ಮನೆಯಲ್ಲಿ ಉಂಡು ಓದ್ತಾ ಇದ್ದರು. ಎಷ್ಟೋ ಜನರ ಜೀವನ ಆ ಅನ್ನದಿಂದ ಆಗಿದೆ, ಆದ್ರೆ ಬಹುಪಾಲು ಆ ಬಾಗಿಲೂ ಜಾತಿ ಕೇಳಿಯೇ ತೆರೀತಿದ್ದದ್ದು. ದುಡ್ಡು ತಗೊಂಡು ಕೋಣೆ ಕೊಡೋ ಕಾಲದಲ್ಲೂ ಅದೇ ಪ್ರಶ್ನೆ ಬಂದ್ರೆ ಅಂಥ ಮನೆಗೆ ನಿಮ್ಮ ದುಡ್ಡು ಹೋಗೋದು ಬೇಡ.

ನಾವು ಉಳಿದಿದ್ದು ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ತಲೆಗೆ ದಿನಕ್ಕೆ 1,000 ರೂಪಾಯಿ, ಮೂರು ಹೊತ್ತು ಊಟ ಸೇರಿ. ಮೊದಲ ದಿನ ಬಸ್ಸಲ್ಲೇ ಓಡಾಡಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ ನೋಡಿದ್ವಿ. ಹೆಗ್ಗೋಡಿಗೂ ಹೋಗಿದ್ವಿ. ನೀನಾಸಮ್ ಅಲ್ಲೇ ಇರೋದು, 1949ರಲ್ಲಿ ಹಳ್ಳಿಯವರೇ ಕಟ್ಟಿದ ನಾಟಕದ ಸಂಘ. ನಾವು ಹೋದ ದಿನ ನಾಟಕ ಇರಲಿಲ್ಲ. ಅಮ್ಮನಿಗೆ ಅದಕ್ಕಿಂತ ಹಿಡಿಸಿದ್ದು ಹತ್ತಿರದ ಚರಕ ಸಂಘ. ಹೆಂಗಸರೇ ನಡೆಸೋ ಕೈಮಗ್ಗದ ಸಹಕಾರ ಸಂಘ ಅದು. ಅಡಿಕೆ ಬೇಯಿಸಿದಾಗ ಬರೋ ಚೊಗರನ್ನ ಬಟ್ಟೆಗೆ ಬಣ್ಣ ಮಾಡ್ತಾರೆ. ಸೀರೆಯ ಅಂಚು ಹಿಡಿದು "ಇದು ಅಡಿಕೆಯಿಂದಾನಾ?" ಅಂತ ಮೂರು ಸಲ ಕೇಳಿದಳು.

ಎರಡನೇ ದಿನ ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರ ಆದಾಗ ಅಮ್ಮನ ಹಾಸಿಗೆ ಖಾಲಿ. ಹೊದಿಕೆ ಮಡಿಚಿಟ್ಟು, ನನ್ನ ಚೀಲ ಸರಿ ಮಾಡಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. "ನಾನೇನು ಮಾಡ್ಲಿ? ಕಾಯಿ ತುರೀಲಾ?" ಒಳಗಿದ್ದ ಯಜಮಾನಿ ನಕ್ಕರು. "ನೀವು ದುಡ್ಡು ಕೊಟ್ಟು ಬಂದವರು. ಹೋಗಿ ಕೂತ್ಕೊಳ್ಳಿ."

ಅಮ್ಮ ಬಂದು ಜಗಲಿ ಮೇಲೆ ಕೂತಳು. ಕೂರೋಕೆ ಬರದೇ ಇರೋರ ಥರ, ತುದಿಯಲ್ಲಿ. ಕಾಫಿ ಬಂತು. ಲೋಟ ಎರಡೂ ಕೈಲಿ ಹಿಡ್ಕೊಂಡು ಸುಮಾರು ಹೊತ್ತು ಕುಡೀಲೇ ಇಲ್ಲ. ಆಮೇಲೆ, "ನಾನು ಎದ್ದ ಮೇಲೆ ನನಗೊಬ್ಬರು ಕಾಫಿ ಮಾಡಿ ತಂದು ಕೊಟ್ಟಿದ್ದು ನೀನು ಹುಟ್ಟಿದಾಗ, ಬಾಣಂತನದಲ್ಲಿ" ಅಂದಳು. ನಾನು ಅಂಗಳದಲ್ಲಿ ಹರಡಿದ್ದ ಕೆಂಪಡಿಕೆ ನೋಡ್ತಾ ಕೂತೆ.

ಅಡುಗೆಮನೆ ಬಾಗಿಲಿನ ಕ್ಯೂಆರ್

ಆ ರಾತ್ರಿ ಅಡಿಕೆ ಸುಲಿಯೋಕೆ ಅಕ್ಕಪಕ್ಕದ ಹೆಂಗಸರು ಬಂದಿದ್ರು. ಮೆಟ್ಟುಗತ್ತಿ ಮುಂದೆ ಕೂತು ಸರಸರ ಸುಲೀತಾ ಇದ್ರೆ ನೋಡೋಕೇ ಚೆಂದ. ಅಮ್ಮನೂ ಕೈ ಹಾಕಿದಳು. ಅವರು ಹತ್ತು ಸುಲಿಯೋ ಹೊತ್ತಿಗೆ ಇವಳದ್ದು ಒಂದು, ಅದೂ ಅರ್ಧ ಚೂರು. ಆದ್ರೆ ಮಾತಿಗೆ ಮಾತು ಬೆಳೆದು, ನಾನು ಎಷ್ಟು ಕೇಳಿದ್ರೂ ಸಿಗದ ಲೆಕ್ಕ ಎಲ್ಲಾ ಅಮ್ಮನಿಗೆ ಸಿಕ್ಕಿಬಿಡ್ತು.

ಆ ಮನೆಯಲ್ಲಿ ಒಂದು ಸಲಕ್ಕೆ ನಾಲ್ಕು ಜನಕ್ಕಿಂತ ಹೆಚ್ಚು ತಗೊಳ್ಳಲ್ಲ. ವಾರದಲ್ಲಿ ಎರಡು ದಿನ ಅತಿಥಿ ಇಲ್ಲ, ಯಾವ ಎರಡು ದಿನ ಅಂತ ಯಜಮಾನಿ ಹೇಳ್ತಾರೆ. ಊಟ ಮನೆಯಲ್ಲಿ ಮಾಡಿದ್ದೇ, ಬೇರೆ ಪಟ್ಟಿ ಇಲ್ಲ. ತಂಬುಳಿ, ಅಪ್ಪೆಹುಳಿ, ಒಂದು ಪಲ್ಯ, ಅನ್ನ, ಮಜ್ಜಿಗೆ. ಪನೀರ್ ಕೇಳಿದೋರಿಗೆ ಸಾಗರದ ಹೋಟೆಲ್ ದಾರಿ ತೋರಿಸ್ತಾರೆ. ಹಾಸಿಗೆ ಬಟ್ಟೆ, ಬಚ್ಚಲು, ಹಂಡೆಗೆ ಅಡಿಕೆ ಸಿಪ್ಪೆ ಹಾಕಿ ಉರಿ ಮಾಡೋದು, ಇಷ್ಟೂ ಗಂಡನ ಕೆಲಸ. ಮತ್ತೆ ಅಡುಗೆಮನೆ ಬಾಗಿಲಲ್ಲೇ ಕ್ಯೂಆರ್ ಕೋಡ್ ಅಂಟಿಸಿದ್ದರು. ಸ್ಕ್ಯಾನ್ ಮಾಡಿದ್ರೆ ಬರೋದು ಯಜಮಾನಿಯ ಹೆಸರು. "ತೋಟದ ಲೆಕ್ಕ ಅವರದ್ದು, ಇದು ನಂದು. ಗೊಬ್ಬರಕ್ಕೆ ಬೇಕು ಅಂತ ಇದರಿಂದ ತೆಗೆಯೋ ಹಾಗಿಲ್ಲ" ಅಂದರಂತೆ. ಮೊದಲ ಎರಡು ವರ್ಷ ಹಾಗಿರಲಿಲ್ಲವಂತೆ. ದುಡ್ಡು ಗಂಡನ ಖಾತೆಗೆ ಹೋಗ್ತಿತ್ತು, ಮೈ ಹುಷಾರಿಲ್ಲದ ದಿನಾನೂ ಜನ ಬರ್ತಿದ್ದರು. ಒಂದು ದಿನ ಒಲೆ ಆರಿಸಿ ತವರಿಗೆ ಹೋಗಿ ಹದಿನೈದು ದಿನ ಕೂತರಂತೆ. ವಾಪಸ್ ಬಂದ ಮೇಲೆ ಈ ನಿಯಮಗಳು.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದ್ದೀನಿ ಅಂದ್ರೆ, "ಸರ್, ನಮ್ಮ ತೋಟದಲ್ಲೂ ಹೋಂಸ್ಟೇ ಮಾಡಬೇಕು" ಅಂತ ಮೆಸೇಜ್ ಕಳಿಸೋ ಯುವಕರು ಸಾಕಷ್ಟಿದ್ದಾರೆ. ಕಳಿಸೋದು ತೋಟದ ಫೋಟೊ, ಡ್ರೋನ್ ವಿಡಿಯೊ. ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದ್ರೆ "ಮನೇಲಿ ಅಮ್ಮ ಇದ್ದಾರಲ್ಲ" ಅಂತಾರೆ. ಆ ಅಮ್ಮನ್ನ ಕೇಳಿದ್ದೀರಾ? ಅಗ್ಗದ ಪ್ರವಾಸ ಅಗ್ಗ ಆಗೋದು ಹೇಗೆ ಅಂತ ನೋಡಿದ್ರೆ, ಎಷ್ಟೋ ಕಡೆ ಒಬ್ಬ ಹೆಂಗಸಿನ ಕೂಲಿ ಲೆಕ್ಕಕ್ಕೆ ಬಂದಿರೋದೇ ಇಲ್ಲ. ಲಡಾಖ್‌ನ ಹಳ್ಳಿಗಳಲ್ಲಿ ಹಿಮಚಿರತೆ ಉಳಿಸೋಕೆ ಅಂತ ಶುರು ಮಾಡಿದ ಹೋಂಸ್ಟೇಗಳಲ್ಲಿ ಅತಿಥಿಗಳನ್ನ ಸರದಿ ಮೇಲೆ ಮನೆಯಿಂದ ಮನೆಗೆ ಹಂಚ್ತಾರೆ. ಒಂದೇ ಮನೆ ಮೇಲೆ ಭಾರ ಬೀಳಲ್ಲ, ದುಡ್ಡೂ ಒಂದೇ ಮನೆಗೆ ಹೋಗಲ್ಲ. ನಮ್ಮ ಊರುಗಳಲ್ಲಿ ಸ್ವಸಹಾಯ ಸಂಘ ಇಲ್ಲದ ಬೀದಿಯೇ ಇಲ್ಲ, ಅವರೇ ಇದನ್ನ ಮಾಡಬಹುದು.

ಇನ್ನೊಂದು ಮಾತು. ಹೋಂಸ್ಟೇ ಆದ್ರೆ ಕೃಷಿ ಬಿಡಬಹುದು ಅಂದ್ಕೊಳ್ಳಬೇಡಿ. ಈ ಶತಮಾನದ ಶುರುವಿನಲ್ಲಿ ಕಾಫಿ ಬೆಲೆ ಬಿದ್ದಾಗ ಕೊಡಗಿನ ಎಷ್ಟೋ ಮನೆಗಳಿಗೆ ಹೋಂಸ್ಟೇ ಕೈ ಹಿಡೀತು, ನಿಜ. ಅದೇ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ, ಆಮೇಲೆ ಕೋವಿಡ್ ಬಂದಾಗ ಕೋಣೆಗಳು ಖಾಲಿ ಬಿದ್ದವು. ಗಿಡದಲ್ಲಿ ಕಾಫಿ, ಮೆಣಸು ಇದ್ದವರು ನಿಂತರು. ಇಟಲಿಯಲ್ಲಿ ಕೃಷಿ ಪ್ರವಾಸಕ್ಕೆ ಅಂತ 1985ರಲ್ಲೇ ಕಾನೂನು ಬಂದಿದೆ. ಕೃಷಿಯೇ ಮುಖ್ಯ ಕಸುಬಾಗಿರಬೇಕು, ಆತಿಥ್ಯ ಅದಕ್ಕೆ ಜೊತೆಯಾಗಿರಬೇಕು ಅನ್ನೋದು ಅದರ ತಿರುಳು. ಒಳ್ಳೇ ಮಾತು ಅನ್ನಿಸುತ್ತೆ ನನಗೆ. ತೋಟ ಕಡಿದು ಈಜುಕೊಳ ಕಟ್ಟಿದ ಮೇಲೆ ಜನ ನೋಡೋಕೆ ಬರೋದು ಏನನ್ನ?

ಕೆಲಸದ ಮಾತು ಚುಟುಕಾಗಿ ಹೇಳಿಬಿಡ್ತೀನಿ. ನಮ್ಮ ರಾಜ್ಯದಲ್ಲಿ ಹೋಂಸ್ಟೇ ಅಂದ್ರೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರೋ ಮನೆ. ಬೀಗ ಹಾಕಿ ಕೀಲಿ ಕೊಡೋದು ಹೋಂಸ್ಟೇ ಅಲ್ಲ. ಜಿಲ್ಲಾ ಪ್ರವಾಸೋದ್ಯಮ ಇಲಾಖೆ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಪಂಚಾಯ್ತಿ, ಪೊಲೀಸ್ ಠಾಣೆಯ ಕಾಗದ ಏನೇನು ಬೇಕು ಅಂತ ಅಲ್ಲೇ ಹೇಳ್ತಾರೆ. ಬಂದ ಪ್ರತಿಯೊಬ್ಬರ ಗುರುತಿನ ಚೀಟಿ ಪ್ರತಿ ಇಟ್ಕೊಳ್ಳಿ. ವಿದೇಶಿಯರು ಉಳಿದ್ರೆ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡಲೇಬೇಕು. ಇದು ಬರೀ ಕಾಗದದ ಕಾಟ ಅಲ್ಲ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ, ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಹೋಂಸ್ಟೇ ಅತಿಥಿಗಳ ಮೇಲೆ, ಅವರ ಜೊತೆಗಿದ್ದ ಹೋಂಸ್ಟೇ ನಡೆಸೋ ಹೆಣ್ಣುಮಗಳ ಮೇಲೆ ದಾಳಿ ಆಯ್ತು. ಕಾಲುವೆಗೆ ತಳ್ಳಿದವರಲ್ಲಿ ಒಬ್ಬ ಯುವಕ ಬದುಕಲಿಲ್ಲ. ಅತಿಥಿ ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರ್ತಾರೆ ಅನ್ನೋದು ಮನೆಯವರಿಗೂ ಠಾಣೆಗೂ ಗೊತ್ತಿರಬೇಕು. ಕತ್ತಲಾದ ಮೇಲೆ ಕೆರೆ, ಕಾಲುವೆ ಕಡೆ ಕರ್ಕೊಂಡು ಹೋಗೋದು ಬೇಡ.

ಇನ್ನು ಫೋನ್ ಕೈಲಿರೋ ನಿಮಗೆ ಒಂದೇ ಸಲಹೆ. ಸೂರ್ಯೋದಯದ ಫೋಟೊ ಎಲ್ಲರೂ ಹಾಕ್ತಾರೆ. ನೀವು ಬಚ್ಚಲಿನ ಫೋಟೊ ಹಾಕಿ. ಹೆಂಗಸರು ಮನೆ ಗೊತ್ತು ಮಾಡೋ ಮುಂಚೆ ಮೊದಲು ಹುಡುಕೋದು ಅದನ್ನೇ. ನನ್ನ ಮಾತಲ್ಲ, ಅಮ್ಮನದ್ದು.

ದುಡ್ಡೇ ಇಲ್ಲ, ಆದ್ರೂ ಹೋಗಬೇಕು, ಕಲೀಬೇಕು ಅನ್ನೋರಿಗೆ ವೂಫ್ ಅಂತ ಒಂದಿದೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿದ್ದು, ಈಗ ಭಾರತದಲ್ಲೂ ಇದೆ. ಸಾವಯವ ತೋಟದಲ್ಲಿ ದಿನಕ್ಕೆ ಕೆಲವು ಗಂಟೆ ದುಡಿದ್ರೆ ಊಟ, ವಸತಿ ಸಿಗುತ್ತೆ. ನಮ್ಮವರಿಗೆ ಇದೇನು ಹೊಸದಲ್ಲ, ಮುಯ್ಯಾಳು ಅಂತ ಇತ್ತಲ್ಲ, ಅದಕ್ಕೇ ಹತ್ತಿರದ್ದು.

ಈ ನವೆಂಬರ್

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಮ್ಮ ಬ್ಯಾಂಕಿಗೆ ಹೋಗಿ ತನ್ನ ಖಾತೆಗೆ ಯುಪಿಐ ಮಾಡಿಸ್ಕೊಂಡಳು. ಯಾಕೆ ಅಂತ ನಾನು ಕೇಳಲಿಲ್ಲ. ಹೋದ ತಿಂಗಳು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳದ್ದೊಂದು ವಾಯ್ಸ್ ಮೆಸೇಜ್ ಬಂತು. ಈ ಸಲ ಮೇಳ ನವೆಂಬರ್ 13ರಿಂದ 16. ನಾಲ್ಕೇ ಜನ. ತಲೆಗೆ ದಿನಕ್ಕೆ 350 ರೂಪಾಯಿ. ಬೆಳಿಗ್ಗೆ ತಿಂಡಿ, ರಾತ್ರಿ ಊಟ. ರಾತ್ರಿ ಒಂಬತ್ತರ ಒಳಗೆ ಮನೆಗೆ ಬರಬೇಕು. ಉಂಡ ತಟ್ಟೆ ಅವರವರೇ ತೊಳೀಬೇಕು. ಹಾಸಿಗೆ, ಬಾತ್‌ರೂಮ್ ಮಗ ನೋಡ್ಕೋತಾನೆ.

ಕೊನೇ ಸಾಲು ನನಗೂ ಆಗಲೇ ಗೊತ್ತಾಗಿದ್ದು.

ಅರ್ಧ ಗಂಟೆಯಲ್ಲಿ ಮಾವನ ಫೋನ್ ಬಂತು. ಪ್ರತಿ ವರ್ಷ ಮೊದಲು ಬಂದು ಕೊನೆಗೆ ಹೋಗೋ ಮನುಷ್ಯ. ಸ್ಪೀಕರ್ ಆನ್ ಇತ್ತು. "ಏನಕ್ಕಾ, ಅನ್ನ ಮಾರೋಕೆ ಶುರು ಮಾಡಿದ್ರಾ? ನಮ್ಮ ಮನೆತನದಲ್ಲಿ ಯಾರಾದ್ರೂ ಅನ್ನಕ್ಕೆ ದುಡ್ಡು ಇಸ್ಕೊಂಡಿದ್ರಾ?" ನಾನು ನೆಲ ನೋಡ್ತಾ ಕೂತಿದ್ದೆ. ಅವನು ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಹಿರಿಯರು ಹಾಗೇ ಬದುಕಿದ್ದು, ಆ ಮಾತಿಗೆ ಒಂದು ಗೌರವ ಇದೆ. ಆದ್ರೆ ಆ ಹಿರಿಯರ ಮನೆಗಳಲ್ಲಿ ಒಲೆ ಮುಂದೆ ಆರು ಜನ ಹೆಂಗಸರು ಇರ್ತಿದ್ದರು. ನಮ್ಮ ಮನೆಯಲ್ಲಿ ಒಬ್ಬಳು.

ಅಮ್ಮ ಅಷ್ಟುದ್ದ ಏನೂ ಹೇಳಲಿಲ್ಲ. "ರಾಗಿ ಮಾರಲ್ವೇನೋ ನೀನು?" ಅಂದಳು.

ಆ ಕಡೆ ಫೋನ್ ಇಟ್ಟ ಸದ್ದು. ಆಮೇಲೆ ಮಾವ ನಮ್ಮ ಮನೆ ಕಡೆ ಮಾತಾಡಿಲ್ಲ. ಗೌರಿ ಹಬ್ಬಕ್ಕೆ ತಪ್ಪದೇ ಬರ್ತಿದ್ದ ಬಾಗಿನ ಈ ಸಲ ಬರಲಿಲ್ಲವಲ್ಲ ಅಂತ ಅಮ್ಮನಿಗೆ ಮೊದಲೇ ಬೇಜಾರಿತ್ತು, ಈಗ ಇದೊಂದು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದ್ರೆ ಮೆಸೇಜ್ ಅಳಿಸಲಿಲ್ಲ.

ಮೂರು ಹುಡುಗರು ಬರ್ತೀವಿ ಅಂದಿದ್ದಾರೆ. ಒಬ್ಬ ತುಮಕೂರು ಕಡೆಯವನು, ಹೋದ ವರ್ಷ ಯಾರು ಅಂತ ಗೊತ್ತಿಲ್ಲ ಅಂದೆನಲ್ಲ, ಆ ಇಬ್ಬರಲ್ಲಿ ಒಬ್ಬ. ಮುಂಗಡ ಆಗಲೇ ಕಳಿಸಿದ್ದಾನೆ, ಜೊತೆಗೆ "ಅಮ್ಮ, ಮುದ್ದೆ ತಿರುವೋಕೆ ನನಗೆ ಬರುತ್ತೆ" ಅಂತ ಮೆಸೇಜ್. ನಾಲ್ಕನೇ ಜಾಗಕ್ಕೆ ಇಬ್ಬರು ಕೇಳಿದ್ರು. ಅಮ್ಮ ಇಲ್ಲ ಅಂದಳು. ಮಾವ ಬಂದ್ರೆ ಬೇಕಾಗುತ್ತೆ ಅಂತ ಖಾಲಿ ಇಟ್ಟಿದ್ದಾಳೆ.

"ಅವನಿಗೂ 350ಆ?" ಅಂತ ಕೇಳಿದೆ.

"ಅವನಿಗೂ" ಅಂದಳು.